ಇತಿಹಾಸಕಾರ ಬರ್ಟನ್ ಸ್ಟೈನ್ ಅವರ ಪ್ರಭಾವವನ್ನು ಸೈಟೇಶನ್ ಲೆಕ್ಕದಲ್ಲಿ, ಅಂದರೆ ಬೇರೆಯವರು ತಮ್ಮ ಬರಹಗಳಲ್ಲಿ ಅವರನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಎಣಿಕೆಯಲ್ಲಿ, ಅಳೆಯಬಹುದೇ?

ಸಂಖ್ಯೆಯೇನೋ ಸಿಗುತ್ತದೆ, ಅದನ್ನು ಓದುವಾಗ ಎಚ್ಚರ ಬೇಕು.

ಮಧ್ಯಕಾಲೀನ ದಕ್ಷಿಣ ಭಾರತದ ಬಗ್ಗೆ ಬರೆದ ಈ ಅಮೆರಿಕನ್ ವಿದ್ವಾಂಸರ (1926–1996) ಹೆಸರು ನಿಂತಿರುವುದು ಮುಖ್ಯವಾಗಿ ಎರಡು ಪುಸ್ತಕಗಳ ಮೇಲೆ: ರೈತಾಪಿ ರಾಜ್ಯದ ಕುರಿತು 1980ರಲ್ಲಿ ಬಂದದ್ದು, ಮತ್ತು 1989ರ ‘ವಿಜಯನಗರ’. ಆಫ್ರಿಕಾದ ಆಲೂರ್ ಜನರನ್ನು ಅಧ್ಯಯನ ಮಾಡಿ ಮಾನವಶಾಸ್ತ್ರಜ್ಞ ಏಡನ್ ಸೌಥಾಲ್ ರೂಪಿಸಿದ್ದ ‘ಖಂಡಾತ್ಮಕ ರಾಜ್ಯ’ದ ಕಲ್ಪನೆಯನ್ನು ಸ್ಟೈನ್ ಚೋಳರಿಗೆ ಅನ್ವಯಿಸಿದರು. ದೊರೆಯ ನಿಜವಾದ ಹಿಡಿತ ರಾಜಧಾನಿಯ ಆಸುಪಾಸಿನಲ್ಲಿ ಮಾತ್ರ, ದೂರದ ನಾಡುಗಳಲ್ಲಿ ಅದು ಬಹುಮಟ್ಟಿಗೆ ಸಾಂಕೇತಿಕ ಎಂಬುದು ವಾದ. ಬಲಿಷ್ಠ ಕೇಂದ್ರಾಡಳಿತದ ಚಿತ್ರ ಕೊಟ್ಟಿದ್ದ ಇತಿಹಾಸಕಾರ ನೀಲಕಂಠ ಶಾಸ್ತ್ರಿಗಳಿಗೆ ಇದು ನೇರ ಸವಾಲು.

ಉಲ್ಲೇಖಗಳು ಸುರಿದದ್ದು ಇದರಿಂದಲೇ, ಆದರೆ ಅವುಗಳಲ್ಲಿ ಎಷ್ಟೋ ಖಂಡನೆಗಳು! ಜಪಾನಿನ ಇತಿಹಾಸಕಾರ ನೊಬೊರು ಕರಾಶಿಮಾ ಶಾಸನಗಳಲ್ಲಿನ ಅಧಿಕಾರಿಗಳ ಬಿರುದು, ತೆರಿಗೆಗಳ ಹೆಸರುಗಳನ್ನು ಎಣಿಸಿ, ಚೋಳರ ಆಡಳಿತ ಅಷ್ಟು ಸಡಿಲವಾಗಿರಲಿಲ್ಲ ಎಂದರು. ಸೈಟೇಶನ್ ಲೆಕ್ಕಕ್ಕೆ ಒಪ್ಪಿಗೆಯೂ ಒಂದೇ, ತಕರಾರೂ ಒಂದೇ.

ಇನ್ನು ಉಲ್ಲೇಖಗಳನ್ನು ಎಣಿಸುವ ಸ್ಕೋಪಸ್‌ನಂಥ ಸೂಚಿಗಳು ಬೆಳೆದದ್ದು ಜರ್ನಲ್ ಲೇಖನಗಳ ಸುತ್ತ. ಪುಸ್ತಕಗಳ ಅಡಿಟಿಪ್ಪಣಿಗಳು ಅಲ್ಲಿ ಪೂರ್ತಿ ಸಿಗುವುದಿಲ್ಲ. ಕನ್ನಡ, ತಮಿಳು ಗ್ರಂಥಗಳದ್ದಂತೂ ಕೇಳಲೇಬೇಡಿ. ಗೂಗಲ್ ಸ್ಕಾಲರ್ ತುಸು ಉದಾರಿ. ಎಚ್-ಇಂಡೆಕ್ಸ್ (ಉಲ್ಲೇಖಗಳಿಂದ ಲೆಕ್ಕ ಹಾಕುವ ಒಂದು ಅಂಕಿ) ಹುಡುಕುವುದಕ್ಕಿಂತ, 1980ರ ನಂತರ ಚೋಳರ ರಾಜ್ಯವ್ಯವಸ್ಥೆಯ ಬಗ್ಗೆ ಬಂದ ಪುಸ್ತಕಗಳ ಮೊದಲ ಅಧ್ಯಾಯ ತೆಗೆದು, ಸ್ಟೈನ್ ಬಗ್ಗೆ ಏನು ಹೇಳಿದ್ದಾರೆಂದು ನೋಡುವುದೇ ಮೇಲು.