ನಿತ್ಯ 140 ಕಿಲೋಮೀಟರ್ ಓಡುವ ಕಾರಿಗೆ ಯಾವ ಚಕ್ರ, ಯಾವ ಟೈರು?

ಪ್ರಶ್ನೆ: ನಮಸ್ಕಾರ ಸರ್. ಮನೆಯಿಂದ ಕೆಲಸಕ್ಕೆ 70 ಕಿ.ಮೀ., ಹೋಗಿ ಬಂದರೆ 140. ಬಹುಪಾಲು ಹೆದ್ದಾರಿ, ಕೊನೆಯ ಹತ್ತು ಕಿ.ಮೀ. ಮಾತ್ರ ಗುಂಡಿ ಬಿದ್ದ ರಸ್ತೆ. ಈಗ ಕಾರು ಬದಲಿಸುತ್ತಿದ್ದೇನೆ. ಒಂದೇ ಮಾಡೆಲ್, ಕೆಳಗಿನ ವೇರಿಯಂಟ್‌ಗೆ 205/55 ಆರ್ 16 ಟೈರು, ಮೇಲಿನದಕ್ಕೆ 225/40 ಆರ್ 18. ದೊಡ್ಡ ಚಕ್ರ ನೋಡೋಕೂ ಚೆಂದ, ಹಿಡಿತವೂ ಜಾಸ್ತಿ, ದೂರ ಓಡಿಸುವವರಿಗೆ ಅದೇ ಸರಿ ಅಂತ ಗೆಳೆಯರು ಹೇಳುತ್ತಾರೆ. ನನಗೆ ಮೈಲೇಜ್ ಬೇಕು, ಬೆನ್ನುನೋವು ಬೇಡ. ಯಾವುದು ತಗೊಳ್ಳಲಿ?

ಉತ್ತರ: 16 ಇಂಚಿನದೇ ತಗೊಳ್ಳಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮುಂದೆ ಟೈರು ಬದಲಿಸುವಾಗಲೂ ಇದೇ ಲೆಕ್ಕ ಬೇಕಾಗುತ್ತದೆ.

ಟೈರಿನ ಮೇಲಿನ ಅಂಕಿಗಳನ್ನು ಒಮ್ಮೆ ಬಿಡಿಸಿ ನೋಡಿ. 205 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 55 ಅಂದರೆ ಆ ಅಗಲದ ಶೇ 55ರಷ್ಟು ಎತ್ತರ ಟೈರಿನ ಪಕ್ಕದ ಗೋಡೆಗೆ ಇದೆ ಎಂದು. ಅಲ್ಲಿಗೆ ಸುಮಾರು 113 ಮಿ.ಮೀ. ಆಯಿತು. 225/40ರಲ್ಲಿ ಅದು 90 ಮಿ.ಮೀ. ಮಾತ್ರ. ಕೊನೆಯ 16, 18 ಅಂದರೆ ರಿಮ್ಮಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ಅಡ್ಡಳತೆ, ಇಂಚಿನಲ್ಲಿ. ಇಡೀ ಚಕ್ರದ ಎತ್ತರ ಅಳೆದರೆ ಒಂದು 632 ಮಿ.ಮೀ., ಇನ್ನೊಂದು 637. ಅಂದರೆ ನಿಮ್ಮ ಗೆಳೆಯರು ಹೇಳುವ ‘ದೊಡ್ಡ ಚಕ್ರ’ ನಿಜಕ್ಕೂ ದೊಡ್ಡದಲ್ಲ. ಒಳಗಿನ ರಿಮ್ಮು ದೊಡ್ಡದಾಗಿದೆ, ಆ ಜಾಗವನ್ನು ಗಾಳಿಯಿಂದ ಕಿತ್ತುಕೊಂಡಿದೆ, ಅಷ್ಟೇ.

ಆ 23 ಮಿ.ಮೀ. ಗಾಳಿಯೇ ನಿಮ್ಮ ಬೆನ್ನಿನ ವಿಷಯ. ಗುಂಡಿಗೆ ಇಳಿದಾಗ ಮೊದಲು ಬಾಗುವುದು ಟೈರಿನ ಗೋಡೆ, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಆಮೇಲೆ. ಗೋಡೆ ಗಿಡ್ಡವಾದರೆ ಬಾಗೋಕೆ ಜಾಗವಿಲ್ಲ. ಏಟು ನೇರವಾಗಿ ರಿಮ್ಮಿಗೆ, ಅಲ್ಲಿಂದ ಸೀಟಿಗೆ. ನಾನು ಕೆಲವು ವರ್ಷ ಇಂಥದ್ದೇ ದೂರ ಓಡಾಡುತ್ತಿದ್ದಾಗ ಒಮ್ಮೆ 15 ಇಂಚಿನ ಚಕ್ರ ತೆಗೆಸಿ 17 ಹಾಕಿಸಿದ್ದೆ. ಮೊದಲ ಮಳೆಗಾಲದಲ್ಲೇ ನೀರು ತುಂಬಿದ ಗುಂಡಿಯೊಂದಕ್ಕೆ ಬಿದ್ದು ಎಡಗಡೆ ಮುಂದಿನ ಅಲಾಯ್, ಅಂದರೆ ಮಿಶ್ರಲೋಹದ ರಿಮ್ಮು, ಸೀಳಿತು, ಟೈರಿನ ಪಕ್ಕ ಬಲೂನಿನ ಹಾಗೆ ಊದಿಕೊಂಡಿತು. ಹಾಗೆ ಊದಿದ ಟೈರಿಗೆ ರಿಪೇರಿ ಇಲ್ಲ, ಒಳಗಿನ ದಾರಗಳು ತುಂಡಾಗಿರುತ್ತವೆ. ಕತ್ತಲಲ್ಲಿ ಹೆದ್ದಾರಿಯ ಬದಿ ನಿಂತು ಸ್ಟೆಪ್ನಿ ಬದಲಿಸಿದ ಆ ರಾತ್ರಿಯೇ ಹಳೆಯ 15 ಇಂಚಿಗೆ ವಾಪಸ್ ಹೋಗುವ ತೀರ್ಮಾನ ಮಾಡಿದೆ. ಸೊಟ್ಟಗಾದ ಉಕ್ಕಿನ ರಿಮ್ಮನ್ನು ಎಷ್ಟೋ ಸಲ ಸರಿ ಮಾಡಬಹುದು, ಬಿರುಕು ಬಿಟ್ಟ ಅಲಾಯನ್ನು ಮಾತ್ರ ನಂಬಬೇಡಿ.

ಹಿಡಿತದ ಮಾತು. ಅಗಲ ಟೈರು ಹಾಕಿದರೆ ನೆಲಕ್ಕೆ ತಾಗುವ ಜಾಗ ತುಂಬಾ ಹೆಚ್ಚುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಕಾರಿನ ತೂಕವನ್ನು ಹೊತ್ತಿರುವುದು ಒಳಗಿನ ಗಾಳಿ, ಆದ್ದರಿಂದ ಅದೇ ತೂಕ, ಅದೇ ಒತ್ತಡ ಇದ್ದರೆ ತಾಗುವ ಜಾಗದ ಅಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆಕಾರ ಮಾತ್ರ ಬದಲಾಗುತ್ತದೆ: ಉದ್ದ ಕಡಿಮೆ, ಅಗಲ ಜಾಸ್ತಿ. ತಿರುವಿನಲ್ಲಿ ಜೋರಾಗಿ ಓಡಿಸುವವರಿಗೆ ಅದರಿಂದ ಲಾಭವಿದೆ, ಸ್ಟೀರಿಂಗ್ ಚುರುಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನೀರು ನಿಂತ ಹೆದ್ದಾರಿಯಲ್ಲಿ ಅಗಲ ಟೈರು ಬೇಗ ನೀರಿನ ಮೇಲೆ ತೇಲುತ್ತದೆ, ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ ಅಲ್ವಾ.

ಇನ್ನೊಂದು ಸಂಗತಿ ನೋಡಿ. 205/55 ಆರ್ 16ರ ಮೇಲೆ ಸಾಮಾನ್ಯವಾಗಿ 91 ಎಂಬ ಅಂಕಿ ಇರುತ್ತದೆ, ಒಂದು ಟೈರು 615 ಕಿಲೋ ಹೊರುತ್ತದೆ ಎಂದು ಅದರ ಅರ್ಥ. 225/40 ಆರ್ 18ರ ಮಾಮೂಲಿ ಟೈರಿಗೆ 88, ಅಂದರೆ 560 ಕಿಲೋ. ಅಗಲ ಜಾಸ್ತಿ ಇದ್ದರೂ ಹೊರುವ ಶಕ್ತಿ ಕಡಿಮೆ, ಒಳಗೆ ಗಾಳಿಗೆ ಜಾಗ ಕಡಿಮೆ ಇರುವುದರಿಂದ. ಅದಕ್ಕೇ ಆ ಅಳತೆಯಲ್ಲಿ ‘ಎಕ್ಸ್‌ಎಲ್’ ಎಂಬ ಗಟ್ಟಿ ಟೈರು ಬೇಕಾಗುತ್ತದೆ, ಅದಕ್ಕೆ 92, ಅಂದರೆ 630 ಕಿಲೋ. ಗಟ್ಟಿ ಗೋಡೆ, ಹೆಚ್ಚಿನ ಗಾಳಿ, ಮತ್ತೆ ಬೆನ್ನಿಗೇ ಏಟು. ಯಾರಾದರೂ ಟೈರು ಬದಲಿಸಿ ಕೊಡುವಾಗ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರು ಹಾಕಿದರೆ ಒಪ್ಪಲೇಬೇಡಿ.

ಕೊನೆಗೆ ಖರ್ಚು. ತಿಂಗಳಿಗೆ 25 ದಿನ ಹಿಡಿದರೂ ನಿಮ್ಮದು ವರ್ಷಕ್ಕೆ 42,000 ಕಿ.ಮೀ. ಆಗುತ್ತದೆ. ಚಕ್ರ ದಿನಕ್ಕೆ ಸುಮಾರು 70 ಸಾವಿರ ಸುತ್ತು ತಿರುಗುತ್ತದೆ. ಬೇರೆಯವರು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವ ಟೈರನ್ನು ನೀವು ಒಂದು, ಒಂದೂವರೆ ವರ್ಷಕ್ಕೆ ಬದಲಿಸಬೇಕಾಗುತ್ತದೆ. ಆದ್ದರಿಂದ ಎಲ್ಲ ಕಡೆ ಸಿಗುವ, ಹಲವು ಕಂಪನಿಗಳು ಮಾಡುವ ಅಳತೆ ನಿಮಗೆ ಬೇಕು. 205/55 ಆರ್ 16 ಅಂಥದ್ದು. ರಿಮ್ಮಿನಲ್ಲಿ ಉಳಿಸಿದ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ, ನಿಮ್ಮ ಪ್ರಾಣ ನಿಂತಿರುವುದು ಆ ನಾಲ್ಕು ಅಂಗೈಯಗಲ ರಬ್ಬರಿನ ಮೇಲೆ.

ಮೇಲಿನ ವೇರಿಯಂಟೇ ಬೇಕು ಅನ್ನುವ ಬೇರೆ ಕಾರಣ ಇದ್ದರೆ, ಅದಕ್ಕೆ 16 ಇಂಚು ಹಾಕಬಹುದೇ ಎಂದು ಕಾರಿನ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ. ಕೆಲವು ಸಲ ಮೇಲಿನದಕ್ಕೆ ಬ್ರೇಕು ದೊಡ್ಡದಿರುತ್ತದೆ, ಸಣ್ಣ ರಿಮ್ಮು ಅದಕ್ಕೆ ತಾಗುತ್ತದೆ. ಬೋಲ್ಟ್‌ಗಳ ಅಂತರ, ಆಫ್‌ಸೆಟ್ (ರಿಮ್ಮು ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ), ನಡುವಿನ ತೂತಿನ ಅಳತೆ ಇವೂ ಹೊಂದಬೇಕು.

ಪ್ರಶ್ನೆ: ಇಂಧನ ಉಳಿಸುವ ಟೈರು ಮಳೆಯಲ್ಲಿ ಜಾರುತ್ತದೆ ಎನ್ನುತ್ತಾರೆ. ನಿಜವೇ? ನಾನೂ ದಿನಾ ದೂರ ಓಡಿಸುವವಳು.

ಉತ್ತರ: ಈ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಟೈರು ಉರುಳುವಾಗ ರಬ್ಬರು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಅದನ್ನು ಕಡಿಮೆ ಮಾಡಲು ಹೊರಟರೆ ಒದ್ದೆ ರಸ್ತೆಯ ಹಿಡಿತವೂ ಕಡಿಮೆಯಾಗುತ್ತಿತ್ತು. 1990ರ ದಶಕದಲ್ಲಿ ರಬ್ಬರಿಗೆ ಇಂಗಾಲದ ಪುಡಿಯ ಬದಲು ಬಹುಪಾಲು ಸಿಲಿಕಾ ಸೇರಿಸಲು ಶುರು ಮಾಡಿದ ಮೇಲೆ ಎರಡೂ ಒಟ್ಟಿಗೆ ಸಾಧ್ಯವಾಯಿತು. ಆದರೆ ಎಲ್ಲ ಟೈರಲ್ಲೂ ಆಗಿದೆ ಅಂತಲ್ಲ, ಆದ್ದರಿಂದ ನೋಡಿಯೇ ತಗೊಳ್ಳಬೇಕು.

ಯುರೋಪಿನಲ್ಲಿ 2012ರಿಂದ ಟೈರಿಗೆ ಲೇಬಲ್ ಇದೆ, 2021ರಿಂದ ಅದರಲ್ಲಿ ಎ ಇಂದ ಇ ವರೆಗೆ ದರ್ಜೆ. ಇಂಧನಕ್ಕೊಂದು, ಒದ್ದೆ ರಸ್ತೆಯ ಬ್ರೇಕಿಗೊಂದು. ಸದ್ದಿಗೆ ಮಾತ್ರ ಎ ಇಂದ ಸಿ ವರೆಗೆ. ನೀವು ನೋಡುವ ಟೈರು ಅಲ್ಲೂ ಮಾರಾಟವಾಗುತ್ತಿದ್ದರೆ ಅದೇ ಅಳತೆಯ ಲೇಬಲ್ ಹುಡುಕಿ ನೋಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಒದ್ದೆಗೆ ಎ, ಇಂಧನಕ್ಕೆ ಬಿ ಇರುವ ಟೈರು, ಇಂಧನಕ್ಕೆ ಎ, ಒದ್ದೆಗೆ ಸಿ ಇರುವುದಕ್ಕಿಂತ ಎಷ್ಟೋ ವಾಸಿ. ಉರುಳುವ ತಡೆ ಶೇ 10ರಷ್ಟು ಇಳಿದರೂ ಇಂಧನದಲ್ಲಿ ಉಳಿಯುವುದು ಶೇ 1ರಿಂದ 2ರಷ್ಟು. ಮಳೆಯಲ್ಲಿ ಮುಂದಿನ ಲಾರಿ ಥಟ್ಟನೆ ನಿಂತಾಗ ಬೇಕಾಗುವ ಕೆಲವು ಮೀಟರ್‌ಗಳಿಗೆ ಇದು ಸಮವಲ್ಲ.

ಮೈಲೇಜ್ ನಿಜವಾಗಿ ಸೋರುವುದು ಗಾಳಿ ನೋಡದೇ ಇರುವುದರಿಂದ. ಎಷ್ಟು ಗಾಳಿ ಬೇಕು ಎಂದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಥವಾ ಇಂಧನ ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿರುತ್ತದೆ. ಟೈರಿನ ಮೇಲೆ ಬರೆದಿರುವುದು ತಡೆದುಕೊಳ್ಳುವ ಗರಿಷ್ಠ ಮಟ್ಟ, ಅಷ್ಟು ಹೊಡೆಸಬೇಡಿ. ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಿ. ಐವತ್ತು ಕಿ.ಮೀ. ಓಡಿ ಬಿಸಿಯಾದಾಗ ಅಂಕಿ ಹೇಗೂ ಮೇಲೆ ಹೋಗಿರುತ್ತದೆ, ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಕಡಿಮೆಯಾಗುತ್ತದೆ. ನಿಮ್ಮಷ್ಟು ಓಡಿಸುವವರು 15 ದಿನಕ್ಕೊಮ್ಮೆಯಾದರೂ ನೋಡಬೇಕು, ಸುಮಾರು 10,000 ಕಿ.ಮೀ.ಗೆ ಒಮ್ಮೆ ಮುಂದಿನ ಟೈರು ಹಿಂದಕ್ಕೆ ಹಾಕಿಸಿ ಅಲೈನ್‌ಮೆಂಟೂ (ಚಕ್ರಗಳು ಸರಿಯಾದ ಕೋನದಲ್ಲಿ ಇವೆಯೇ ಎಂದು) ನೋಡಿಸಬೇಕು. ಅಲೈನ್‌ಮೆಂಟ್ ತಪ್ಪಿದ್ದರೆ ಎಂಥ ದುಬಾರಿ ಟೈರೂ ಒಂದೇ ಅಂಚಿನಲ್ಲಿ ಸವೆದು ಹೋಗುತ್ತದೆ.

ಪ್ರಶ್ನೆ: ಮುಂದಿನ ಎರಡು ಟೈರು ಮಾತ್ರ ಸವೆದಿವೆ. ಹೊಸ ಎರಡನ್ನು ಮುಂದೆ ಹಾಕಿಸಲೇ?

ಉತ್ತರ: ಬೇಡ, ಹಿಂದೆ ಹಾಕಿಸಿ. ಈಗ ಹಿಂದಿರುವವು ಮುಂದಕ್ಕೆ ಬರಲಿ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಾದರೂ ಹೀಗೇ. ಒದ್ದೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ಬೇಕಾದಷ್ಟು ತಿರುಗದೆ ನೇರಕ್ಕೆ ಹೋಗಲು ನೋಡುತ್ತದೆ, ವೇಗ ಇಳಿಸಿದರೆ ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ನಿಮ್ಮಂಥವರಿಗೆ ಕಷ್ಟ. ಹೊಸ ಟೈರಿನ ಮೇಲೆ ನಾಲ್ಕು ಅಂಕಿಯ ತಯಾರಿ ದಿನಾಂಕವನ್ನೂ ನೋಡಿಕೊಳ್ಳಿ: 2324 ಎಂದಿದ್ದರೆ 2024ರ 23ನೇ ವಾರ.

ಪ್ರಶ್ನೆ: ಟ್ರೆಡ್, ಅಂದರೆ ಟೈರಿನ ಮೇಲಿನ ಗೀರುಗಳ ಆಳ, ಎಷ್ಟು ಉಳಿದಾಗ ಬದಲಿಸಬೇಕು?

ಉತ್ತರ: ಗೀರುಗಳ ನಡುವೆ ಕಾಣುವ ಸಣ್ಣ ದಿಣ್ಣೆಗಳ ಎತ್ತರ 1.6 ಮಿ.ಮೀ. ಟ್ರೆಡ್ ಅಲ್ಲಿಗೆ ಮುಟ್ಟಿದರೆ ಟೈರು ಮುಗಿಯಿತು. ನೀವು ಮಳೆಯಲ್ಲೂ ಹೆದ್ದಾರಿಯಲ್ಲಿ ಓಡಿಸುವವರಾದರೆ ಅಲ್ಲಿಯವರೆಗೆ ಕಾಯಬೇಡಿ, 3 ಮಿ.ಮೀ. ಇರುವಾಗಲೇ ಬದಲಿಸಿ.