ಟ್ಯಾಬ್ ಪತ್ರಿಕೆ: ಕಥೆಯ ನಡುವೆ ಓದುಗರು ದಾರಿ ತಪ್ಪುವುದೇಕೆ?

ಪ್ರಶ್ನೆ: ಉಡುಪಿಯಿಂದ ನಮ್ಮ ದೀಪಾವಳಿ ವಿಶೇಷಾಂಕದ ಟ್ಯಾಬ್ ಆವೃತ್ತಿಯನ್ನು ತರುತ್ತಿದ್ದೇವೆ. ಬಳಸುವ ವಿಧಾನವನ್ನು ಮೊದಲ ಪುಟದಲ್ಲೇ ಬಾಣಗಳ ಸಮೇತ ವಿವರಿಸಿದ್ದರೂ ಓದುಗರು ಕಥೆಯ ಮಧ್ಯದಲ್ಲಿ ಎಲ್ಲೆಲ್ಲಿಗೋ ಹೋಗಿಬಿಡುತ್ತಾರೆ. ಏನು ಮಾಡಬೇಕು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ. ಮೊದಲು ಆ ವಿವರಣೆಯ ಪುಟವನ್ನು ತೆಗೆದುಹಾಕಿ. ಪತ್ರಿಕೆ ಓದುವುದು ಹೇಗೆಂದು ಪತ್ರಿಕೆಯೇ ಪಾಠ ಹೇಳಬೇಕಾಗಿ ಬಂದರೆ ತಪ್ಪು ಓದುಗರದಲ್ಲ, ವಿನ್ಯಾಸದ್ದು.

ನೀವು ಕಳುಹಿಸಿದ ಪ್ರತಿಯಲ್ಲಿ ಕಥೆ ಮೇಲಿನಿಂದ ಕೆಳಕ್ಕೆ ಸರಿಯುತ್ತದೆ; ಬೆರಳನ್ನು ಅಡ್ಡ ಎಳೆದರೆ ಮುಂದಿನ ಲೇಖನ ಬರುತ್ತದೆ. 2010ರಲ್ಲಿ ಐಪ್ಯಾಡ್ ಬಂದ ಹೊಸತರಲ್ಲಿ ವಿದೇಶದ ಹಲವು ಪತ್ರಿಕೆಗಳು ಹಿಡಿದ ದಾರಿಯೂ ಇದೇ. ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಜನ ತಡವರಿಸುವುದನ್ನು ವಿನ್ಯಾಸಗಳು ಬಳಸಲು ಸುಲಭವೇ ಎಂದು ಪರೀಕ್ಷಿಸುವ ನೀಲ್ಸನ್ ನಾರ್ಮನ್ ಸಂಸ್ಥೆ ಅದೇ ವರ್ಷ ತನ್ನ ಬಳಕೆ ಪರೀಕ್ಷೆಗಳಲ್ಲಿ ದಾಖಲಿಸಿತ್ತು.

ಮಂಗಳೂರಿನ ವಾಚನಾಲಯವೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇಂಥದೇ ಪತ್ರಿಕೆ ಓದುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಟ್ಯಾಬನ್ನು ಮಡಿಲಲ್ಲಿಟ್ಟು ಎರಡೂ ಕೈಗಳಿಂದ ಹಿಡಿದಿದ್ದ ಅವರು, ಪರದೆಯ ಕೊನೆಯ ಸಾಲು ಪೂರ್ಣವಿರಾಮದಲ್ಲೇ ನಿಂತಿದ್ದರಿಂದ ಕಥೆ ಮುಗಿಯಿತೆಂದು ತಿಳಿದು, ಹೆಬ್ಬೆರಳಿನಿಂದ ಪುಟವನ್ನು ಪಕ್ಕಕ್ಕೆ ಸರಿಸಿದರು. ಅಡುಗೆಯ ಲೇಖನ ಬಂತು. ಹಿಂದಕ್ಕೆ ಬಂದರೆ ಕಥೆ ಮತ್ತೆ ಶೀರ್ಷಿಕೆಯಿಂದ ತೆರೆದುಕೊಂಡಿತು. "ನನಗೆ ಇದೆಲ್ಲ ಬರುವುದಿಲ್ಲ" ಎಂದು ಟ್ಯಾಬನ್ನು ಮೇಜಿನ ಮೇಲಿಟ್ಟರು. ಮಕ್ಕಳಿಗೆ ಓದಲು ಕಲಿಸಿದವರ ಬಾಯಿಂದ ಆ ಮಾತು ಹೊರಡಿಸಿದ ವಿನ್ಯಾಸವನ್ನು ನಾನು ಕ್ಷಮಿಸಲಾರೆ.

ಆದ್ದರಿಂದ ಸರಿಸುವುದಕ್ಕೆ ಒಂದೇ ದಿಕ್ಕು ಇರಲಿ, ಮೇಲಿನಿಂದ ಕೆಳಕ್ಕೆ. ಪರದೆಯ ಕೆಳಅಂಚಿನಲ್ಲಿ ಸಾಲು ಅರ್ಧಕ್ಕೆ ಕತ್ತರಿಸಿದಂತೆ ಕಾಣಲಿ. ಅಂದಗೆಡುತ್ತದೆ ಎಂದು ನಿಮ್ಮ ಕಲಾವಿದರು ತಕರಾರು ತೆಗೆದರೂ ಒಪ್ಪಬೇಡಿ, ಕೆಳಗೆ ಇನ್ನೂ ಇದೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಯಾವ ಬಾಣವೂ ಹೇಳದು. ಕಥೆ ಮುಗಿದಲ್ಲಿ ಮುಂದಿನ ಬರಹದ ಶೀರ್ಷಿಕೆ ಇರಲಿ. ಪಟ್ಟಿ ತೆರೆಯಲು ಇಡುವ ಮೂರು ಗೆರೆಗಳ ಗುರುತಿನ ಬದಲು ‘ಪರಿವಿಡಿ’ ಎಂಬ ಪದವನ್ನೇ ಹೆಬ್ಬೆರಳಿಗೆ ಎಟಕುವ ಕೆಳಮೂಲೆಯಲ್ಲಿ ಬರೆಯಿರಿ. ಎಲ್ಲಿಗೆ ಹೋಗಿ ಬಂದರೂ ಓದುಗರು ಬಿಟ್ಟ ಸಾಲಿಗೇ ಮರಳಬೇಕು.

ಬೆರಳಿನಿಂದ ಒತ್ತುವ ಜಾಗಕ್ಕೆ ಆಪಲ್ 44 ಪಾಯಿಂಟ್, ಗೂಗಲ್ 48 ಡಿಪಿ ಅಳತೆಯನ್ನು ಸೂಚಿಸುತ್ತವೆ (ಪಾಯಿಂಟ್, ಡಿಪಿ ಎರಡೂ ಪರದೆಯ ಮೇಲಿನ ಅಳತೆಯ ಮಾನಗಳು). ಇದಕ್ಕಿಂತ ಕಡಿಮೆ ಮಾಡಬೇಡಿ. ಇಂಗ್ಲಿಷ್ ಪತ್ರಿಕೆಯ ಸಾಲಿನ ಅಂತರವನ್ನು ಹಾಗೆಯೇ ತಂದರೆ, ‘ಸ್ವಾತಂತ್ರ್ಯ’ದಂಥ ಪದದ ಒತ್ತಕ್ಷರಗಳು ಕೆಳಗಿನ ಶೀರ್ಷಿಕೆಯ ಗುಡಿಸುಗಳಿಗೆ ತಾಗುವಂತಾಗಿ, ಪರಿವಿಡಿಯಲ್ಲಿ ಬೆರಳು ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತದೆ.

ಪ್ರಶ್ನೆ: ಪುಟ ಮಗುಚುವ ಸದ್ದು ಸೇರಿಸಬಹುದೇ?

ಉತ್ತರ: ಬೇಡ.

ಪ್ರಶ್ನೆ: ಯಾವ ಲೇಖನವಾದರೂ ಬೆರಳಿನಿಂದ ಮೂರು ಸಲ ಒತ್ತುವುದರೊಳಗೆ ಸಿಗಬೇಕಂತೆ, ನಿಜವೇ?

ಉತ್ತರ: ಅದು ಕಟ್ಟುಕಥೆ. ಪ್ರತಿ ಒತ್ತಿನಲ್ಲೂ ಸರಿಯಾದ ದಾರಿಯಲ್ಲಿದ್ದೇನೆಂಬ ನಂಬಿಕೆ ಇದ್ದರೆ ಜನ ಐದು ಸಲವೂ ಒತ್ತುತ್ತಾರೆ.

ಪ್ರಶ್ನೆ: ಅಚ್ಚಿನ ಪಿಡಿಎಫ್ ಅನ್ನು ಒಂದೇ ದಿನದಲ್ಲಿ ಟ್ಯಾಬ್ ಪತ್ರಿಕೆ ಮಾಡಿಕೊಡುವವರಿದ್ದಾರೆ. ಅವರಿಗೆ ಕೆಲಸ ಕೊಡಬಹುದೇ?

ಉತ್ತರ: ಅವರು ಕೊಡುವುದು ಅಚ್ಚಿನ ಪುಟದ ಚಿತ್ರವನ್ನಷ್ಟೇ, ಮೂರು ಕಾಲಂಗಳ ಪುಟವನ್ನು ಹಿಗ್ಗಿಸಿ, ಎಳೆದು, ಮತ್ತೆ ಕುಗ್ಗಿಸಿ ಓದುವ ಶ್ರಮವೆಲ್ಲ ಓದುಗರ ಪಾಲಿಗೆ. ಮುಂಗಡ ಕೊಡುವ ಮೊದಲು ಅವರು ಮಾಡಿದ ಯಾವುದಾದರೂ ಸಂಚಿಕೆಯನ್ನು ಮನೆಯ ಹಿರಿಯರ ಕೈಗೆ ಕೊಟ್ಟು, ಏನನ್ನೂ ಹೇಳಿಕೊಡದೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ.