ಬಾಲ್ ಫೋರ್ ಅಂದು ಆಮೇಲೆ ಸ್ಟ್ರೈಕ್ ಅಂದರೆ ರನ್ನರ್ ಗತಿ?

ನಿಮ್ಮ ತಂಗಿಯ ತಂಡದ ಕೋಚ್, ಔಟಾದ ರನ್ನರನ್ನು (ಬೇಸಿನಲ್ಲಿದ್ದ ಆಟಗಾರ್ತಿಯನ್ನು) ವಾಪಸ್ ಕಳಿಸಿ ಅಂತ ಕೇಳಿದ್ದು ಸರಿಯಾಗಿಯೇ ಇದೆ ಸರ್. ಹಾಸನದ ಆ ಸಾಫ್ಟ್‌ಬಾಲ್ ಮ್ಯಾಚಿನಲ್ಲಿ ಅಂಪೈರ್ ಮೊದಲು ‘ಬಾಲ್ ಫೋರ್’ ಅಂದರು, ಅಂದರೆ ನಾಲ್ಕನೇ ಕೆಟ್ಟ ಎಸೆತ; ಬ್ಯಾಟರ್‌ಗೆ ಫಸ್ಟ್ ಬೇಸ್ ಸುಮ್ಮನೆ ಸಿಗುತ್ತೆ, ಅಲ್ಲಿದ್ದವಳು ಸೆಕೆಂಡ್‌ಗೆ ಹೋಗಬಹುದು. ಫಸ್ಟ್ ಬೇಸಿನಲ್ಲಿದ್ದ ಹುಡುಗಿ ಆರಾಮಾಗಿ ಸೆಕೆಂಡ್ ಕಡೆ ನಡೆದಳು. ಬೇಸ್ ಅಂಪೈರನ್ನು ಕೇಳಿದ ಮೇಲೆ ಅದು ಸ್ವಿಂಗ್ (ಬ್ಯಾಟರ್ ಬ್ಯಾಟ್ ಬೀಸಿದ್ದಳು), ಹಾಗಾಗಿ ಮೂರನೇ ಸ್ಟ್ರೈಕ್ ಅಂತಾಯಿತು. ಅಷ್ಟರಲ್ಲಿ ಬ್ಯಾಟರ್ ಹಿಂದೆ ನಿಲ್ಲುವ ಕ್ಯಾಚರ್ ಚೆಂಡು ಎಸೆದು ಆ ರನ್ನರನ್ನು ಔಟ್ ಮಾಡಿಸಿದ್ದಳು, ಅಲ್ವಾ?

ಬ್ಯಾಟರ್ ಔಟ್, ಅದರಲ್ಲಿ ಮಾತಿಲ್ಲ. ಆದರೆ ಅಂಪೈರ್ ತೀರ್ಪು ಬದಲಿಸಿದ್ದರಿಂದ ಆಟಗಾರ್ತಿ ಸಿಕ್ಕಿಬಿದ್ದರೆ, ಸಾಫ್ಟ್‌ಬಾಲಿನಲ್ಲಿ ಪ್ಲೇಟ್ ಅಂಪೈರ್ (ಬ್ಯಾಟರ್ ಹಿಂದೆ ನಿಲ್ಲುವ ಅಂಪೈರ್) ಅದನ್ನು ಸರಿಪಡಿಸಬಹುದು. ಅವಳನ್ನು ಫಸ್ಟ್‌ಗೆ ವಾಪಸ್ ಕಳಿಸಬೇಕಿತ್ತು. ಮುಂದಿನ ಪಿಚ್ (ಎಸೆತ) ಬಿದ್ದರೆ ಮಾತ್ರ ಮುಗೀತು, ಅದಕ್ಕೆ ಮೊದಲೇ ಕೇಳಬೇಕು.

ಬೇಸ್‌ಬಾಲಿನಲ್ಲೂ ತೀರ್ಪು ಬದಲಾದರೆ ರನ್ನರ್‌ಗಳನ್ನು ಸರಿಯಾದ ಜಾಗಕ್ಕೆ ಕಳಿಸುವ ಅಧಿಕಾರ ಇದೆ. ಆದರೆ ಅರ್ಧ ಸ್ವಿಂಗ್ (ಬೀಸಲು ಹೋಗಿ ಬ್ಯಾಟ್ ತಡೆದದ್ದು) ವಿಷಯದಲ್ಲಿ ನಿಯಮ ಕಠಿಣ: ‘ಬಾಲ್’ ಅಂದದ್ದು ಆಮೇಲೆ ‘ಸ್ಟ್ರೈಕ್’ ಆಗಬಹುದು, ರನ್ನರ್ ಎಚ್ಚರವಾಗಿರಬೇಕು ಅಂತ ನಿಯಮ ಪುಸ್ತಕವೇ ಹೇಳುತ್ತೆ. ಶಾಲೆ ಮಕ್ಕಳಿಗೆ ಸಾಫ್ಟ್‌ಬಾಲಿನ ದಾರಿಯೇ ನ್ಯಾಯ ಅಂತ ನನಗನ್ನಿಸುತ್ತೆ.